ಕಚ್ಚಾ ಹೊಲಿಗೆ

ಮಾರ್ಚ್ 4, ಸೋಮವಾರ

ಸಂಜೆ ಏಳು ಗಂಟೆ: ಹಾಕಿದೆ. ಎಂಟು: ಹಾಕಿದೆ. ಒಂಬತ್ತು: ಹಾಕಿದೆ, ಅರ್ಧ ಕೆನ್ನೆಗೆ ಹೋಯಿತು. ಹತ್ತು: ಹಾಕಿದೆ.

ಗಂಟೆಗೊಂದು ಹನಿ, ಹಾಕಿದ ಹೊತ್ತನ್ನೆಲ್ಲ ಬರೆದಿಡಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ಅದಕ್ಕೇ ಅಂಗಡಿಯ ಅಳತೆ ಪುಸ್ತಕ ತೆಗೆದುಕೊಂಡಿದ್ದೇನೆ. ಎಡಗಡೆಯ ಪುಟದಲ್ಲಿ ಬ್ಯಾಂಡ್ ತಂಡದ ಡೋಲಿನವನ ಅಳತೆ: ಎದೆ ನಲವತ್ತೆರಡು, ಹೊಟ್ಟೆ ನಲವತ್ತೆಂಟು. ಬಲಗಡೆ ನನ್ನ ಬಲಗಣ್ಣು. ಹನ್ನೊಂದರ ಹನಿಗೆ ಇನ್ನೂ ಮುಕ್ಕಾಲು ಗಂಟೆ ಇದೆ, ಸುಮ್ಮನೆ ಕೂತರೆ ತಲೆ ಕೆಡುತ್ತದೆ. ಬರೆಯುತ್ತೇನೆ.

ಮೂರು ವಾರದ ಕೆಳಗೆ ಬ್ಯಾಂಡಿನವರ ಕೆಂಪು ಬಟ್ಟೆ ಕತ್ತರಿಸುವಾಗ ಒಂದು ಎಳೆ ಹಾರಿ ಕಣ್ಣಿಗೆ ಬಿತ್ತು. ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಕಣ್ಣಂಚಿನಲ್ಲಿ ಆಡಿಸಿ ತೆಗೆದೆ. ಮೂವತ್ತು ವರ್ಷದಿಂದ ಹಾಗೆಯೇ ತೆಗೆಯುತ್ತಿದ್ದೇನೆ, ಎಂದೂ ಏನೂ ಆಗಿಲ್ಲ. ಈ ಸಲ ಕೆಡಿಸಿದ್ದು ಆ ಹಾಳು ಡ್ರಾಪ್ಸ್. ಹೋದ ವರ್ಷ ನಾದಿನಿಗೆ ಪೊರೆ ತೆಗೆದಾಗ ಕೊಟ್ಟಿದ್ದು, ಅರ್ಧ ಸೀಸೆ ಉಳಿದಿತ್ತು, ಅವಳ ಬೀರುವಿನಲ್ಲಿ ಕನ್ನಡಿಯ ಹಿಂದೆ. ಒಂಬತ್ತು ದಿನ ಹಾಕಿದ್ದಕ್ಕೆ ಕೆಂಪೇನೋ ಇಳಿಯಿತು, ಒಳಗೆ ಕರಿಗುಡ್ಡೆಯ ಮೇಲೆ ಹುಣ್ಣು ಬೆಳೆಯಿತು. ಸೋಂಕಿರುವ ಕಣ್ಣಿಗೆ ಆ ಔಷಧಿ ಹಾಕುವುದೆಂದರೆ ಬೇಲಿ ಕಿತ್ತು ದನ ಬಿಟ್ಟ ಹಾಗಂತೆ. ಹುಣ್ಣು ಇನ್ನೂ ಆಳಕ್ಕಿಳಿದು ತೂತಾದರೆ ಕಣ್ಣು ಹೋದಂತೆಯೇ.

"ಯಾರು ಹಾಕಿದ್ದು ಇದನ್ನ?" ಎಂದು ಡಾಕ್ಟರ್ ಸೀಸೆ ಎತ್ತಿ ಹಿಡಿದು ಕೇಳಿದರು.

"ನನ್ನ ನಾದಿನಿ," ಎಂದೆ.

ಅವಳು ಪಕ್ಕದಲ್ಲೇ ಕೊಡೆ ಹಿಡಿದು ನಿಂತಿದ್ದಳು. ನನ್ನನ್ನೊಮ್ಮೆ ನೋಡಿದಳು, ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿದೆ?

ಇವಳ ಜೊತೆ ಇಷ್ಟು ವರ್ಷ ಇದ್ದೂ ಇವಳ ವಿಷಯ ಎಲ್ಲೂ ಬರೆದಿಲ್ಲ. ನನ್ನ ಗಂಡ ಹೋಗಿ ಆರು ವರ್ಷವಾಯಿತು. ಅವರು ಬಿಟ್ಟುಹೋದದ್ದು ಕೆಳಗೊಂದು ಟೈಲರಿಂಗ್ ಅಂಗಡಿ, ಮೇಲೆ ಎರಡು ಕೋಣೆ, ಮತ್ತು ಈ ತಂಗಿ. ಇವಳದು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಕೂಗುವ ಕೆಲಸ. ಇಪ್ಪತ್ತೈದು ವರ್ಷದ ಸೇವೆಗೆ ಅವರು ಕೊಟ್ಟ ಗೋಡೆ ಗಡಿಯಾರ ನಮ್ಮ ಮನೆಯಲ್ಲಿ ದೇವರಿಗಿಂತ ಮೇಲೆ ಕೂತಿದೆ. ಮನೆಯಲ್ಲೂ ಅದೇ ದನಿ: "ಅತ್ತಿಗೆ, ಊಟಕ್ಕೆ ಇನ್ನು ಹತ್ತು ನಿಮಿಷ." ಈಗ ಹೊಸದಾಗಿ ಇದೊಂದು ಶುರುವಾಗಿದೆ: "ಅತ್ತಿಗೆ, ಹನ್ನೊಂದು ಗಂಟೆಯ ಹನಿ."

ಹನ್ನೊಂದು: ಹಾಕಿದಳು.

ಮಾರ್ಚ್ 8, ಶುಕ್ರವಾರ

ಸೋಂಕು ಸತ್ತಿದೆಯಂತೆ. ಆದರೆ ಹುಣ್ಣು ಮುಚ್ಚುತ್ತಿಲ್ಲ, ಕರಿಗುಡ್ಡೆ ತೆಳ್ಳಗಾಗುತ್ತಿದೆ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಚಿಕ್ಕ ಕೈಗಳು. "ದಿನಕ್ಕೆ ಎಷ್ಟು ಸಾವಿರ ಸಲ ರೆಪ್ಪೆ ಬಡಿತೀರಿ ಗೊತ್ತಾ ಅಮ್ಮ? ಒಂದೊಂದು ಸಲಾನೂ ಆ ರೆಪ್ಪೆ ಹುಣ್ಣನ್ನ ಉಜ್ಜುತ್ತೆ. ಮೇಲಿನಿಂದ ಗಾಳಿಗೆ ಬೇರೆ ಒಣಗುತ್ತೆ. ಅದಕ್ಕೆ ರೆಪ್ಪೆ ಎರಡನ್ನೂ ಸೇರಿಸಿ ಹೊಲಿದುಬಿಡೋಣ. ಮೂಗಿನ ಕಡೆ ಸ್ವಲ್ಪ ಬಿಡ್ತೀನಿ, ಔಷಧಿ ಹಾಕೋಕೆ, ನಾನು ಇಣುಕಿ ನೋಡೋಕೆ. ಒಳಗೆ ತಣ್ಣಗೆ, ಅದರ ಪಾಡಿಗೆ ಅದು ವಾಸಿಯಾಗಲಿ."

ಮೂವತ್ತು ವರ್ಷ ಊರಿನವರಿಗೆಲ್ಲ ಹೊಲಿದೆ. ಈಗ ನನ್ನನ್ನೇ ಹೊಲಿಯುತ್ತಾರಂತೆ.

"ಹೆದರಬೇಡಿ, ತಾತ್ಕಾಲಿಕ ಹೊಲಿಗೆ. ಆಮೇಲೆ ಬಿಚ್ಚುತೀವಿ."

"ಅಂದ್ರೆ ಕಚ್ಚಾ?"

ಅವರಿಗೆ ತಿಳಿಯಲಿಲ್ಲ. ಹೇಳಿಕೊಟ್ಟೆ: ಕೋಟನ್ನು ಪಕ್ಕಾ ಹೊಲಿಯುವ ಮೊದಲು ಉದ್ದುದ್ದ ಹೊಲಿಗೆ ಹಾಕಿ, ತೊಡಿಸಿ ನೋಡಿ, ಆಮೇಲೆ ಎಳೆದು ತೆಗೆದುಬಿಡುತ್ತೇವಲ್ಲ, ಅದು ಕಚ್ಚಾ. ಡಾಕ್ಟರ್ ನಕ್ಕರು. "ಹಾಂ, ಕಚ್ಚಾ ಅಂತಲೇ ಇಟ್ಕೊಳ್ಳಿ."

ಆ ಒಂದು ಮಾತಿನಿಂದ ಜೀವ ಬಂತು.

ಮಾರ್ಚ್ 9

ಹೊಲಿದರು. ರೆಪ್ಪೆಗೆ ಸೂಜಿಮದ್ದು ಚುಚ್ಚಿದಾಗ ನೊಂದಿತು, ಆಮೇಲೆ ಬರೀ ಎಳೆದಂತೆ ಅನಿಸುತ್ತಿತ್ತು. ದಾರ ಚರ್ಮ ಕೊರೆಯಬಾರದೆಂದು ನಡುವೆ ಚಿಕ್ಕ ಚಿಕ್ಕ ರಬ್ಬರ್ ತುಂಡು ಇಟ್ಟು ಹೊಲಿಯುತ್ತಾರೆ. ಒಳ್ಳೆಯ ಉಪಾಯ, ಗುಂಡಿಯ ಹಿಂದೆ ನಾವು ಬಟ್ಟೆಯ ತುಂಡು ಇಡುವ ಹಾಗೆ. ಸುಮ್ಮನೆ ಮಲಗಿರಲು ನನ್ನಿಂದ ಆಗಲಿಲ್ಲ.

"ಗಂಟು ಎರಡು ಸುತ್ತು ಹಾಕಿ ಡಾಕ್ಟ್ರೇ, ಜಾರುತ್ತೆ."

"ಮೂರು ಹಾಕಿದೀನಿ."

"ದಾರ ಬಿಗಿ ಆಯ್ತೇನೋ, ಸುಕ್ಕು ಬೀಳುತ್ತೆ."

"ಅಮ್ಮ, ನೀವು ಮಾತಾಡಿದ್ರೆ ರೆಪ್ಪೆ ಕುಣಿಯುತ್ತೆ. ಕಾಲರ್ ಹೊಲಿಯುವಾಗ ಕೋಟು ಮಾತಾಡುತ್ತಾ?"

ಬಾಯಿ ಮುಚ್ಚಿದೆ. ಕಣ್ಣು ಅವರೇ ಮುಚ್ಚಿದರು.

ಮಾರ್ಚ್ 11, ಸೋಮವಾರ

ಲೋಟಕ್ಕೆ ನೀರು ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಬೀಳುತ್ತದೆ. ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲು ಇದೆ ಎಂದುಕೊಂಡರೆ ಇಲ್ಲ, ಇಲ್ಲ ಎಂದುಕೊಂಡರೆ ಇದೆ. ಒಂದು ಕಣ್ಣಿದ್ದರೆ ಅರ್ಧ ಕಾಣುತ್ತದೆ ಎಂದು ತಿಳಿದಿದ್ದೆ. ಹಾಗಲ್ಲ. ಎಲ್ಲವೂ ಕಾಣುತ್ತದೆ, ಯಾವುದು ಎಷ್ಟು ದೂರ ಎಂದು ಮಾತ್ರ ತಿಳಿಯುವುದಿಲ್ಲ.

ಬೆಳಿಗ್ಗೆ ಅಂಗಡಿಗಿಳಿದು ಸೂಜಿಗೆ ದಾರ ಪೋಣಿಸಲು ಕೂತೆ. ದಾರ ಸೂಜಿಯ ಕಣ್ಣಿನ ಮುಂದೆ ಹೋಗುತ್ತದೆ, ಹಿಂದೆ ಹೋಗುತ್ತದೆ, ಒಳಗೆ ಮಾತ್ರ ಹೋಗುವುದಿಲ್ಲ. ನಾಲಿಗೆಗೆ ಹಚ್ಚಿದೆ, ತುದಿ ಕತ್ತರಿಸಿದೆ, ಮತ್ತೆ ನಾಲಿಗೆಗೆ ಹಚ್ಚಿದೆ. ಒಂದು ಗಂಟೆ. ಆರನೇ ವಯಸ್ಸಿನಲ್ಲಿ ಕಲಿತ ಕೆಲಸ. ಸೂಜಿಯನ್ನು ಗೋಡೆಗೆ ಎಸೆದೆ, ಆಮೇಲೆ ಅದನ್ನು ಹುಡುಕಲು ಇನ್ನೊಂದು ಗಂಟೆ ಆಯಿತು.

ಎಲ್ಲ ಆ ಸೀಸೆಯಿಂದ. ಎಲ್ಲ ಇವಳಿಂದ. ಇವಳ ಅಕ್ಕ ಕಣ್ಣು ಹೇಗಿದೆ ಎಂದು ಫೋನ್ ಮಾಡಿದ್ದರು, ಅವರಿಗೂ ಹೇಳಿದೆ: "ನಿಮ್ಮ ತಂಗಿ ಹಾಕಿದ ಡ್ರಾಪ್ಸು." ಅವರು ಅಯ್ಯೋ ಎಂದರು. ನನಗೆ ಸ್ವಲ್ಪ ಸಮಾಧಾನವಾಯಿತು.

ಮಾರ್ಚ್ 12

ಬೆಳಿಗ್ಗೆ ಅಂಗಡಿಗೆ ಬಂದರೆ ಸೂಜಿ ಚುಚ್ಚಿಡುವ ದಿಂಬಿನಲ್ಲಿ ಹನ್ನೆರಡು ಸೂಜಿಗಳು, ಎಲ್ಲಕ್ಕೂ ದಾರ ಪೋಣಿಸಿದೆ. ನಾಲ್ಕು ಕೆಂಪು, ನಾಲ್ಕು ಕಪ್ಪು, ನಾಲ್ಕು ಬಿಳಿ. ಅವಳು ಆರೂವರೆಗೇ ಕೆಲಸಕ್ಕೆ ಹೋಗಿಯಾಗಿತ್ತು.

ದಾರ ಒಂದೊಂದೂ ಎರಡು ಮೊಳ! ಅಷ್ಟುದ್ದ ಇದ್ದರೆ ಸಿಕ್ಕು ಬೀಳುತ್ತದೆ. ಹೊಲಿಗೆ ತಿಳಿಯದವರು ಸೂಜಿ ಮುಟ್ಟಿದರೆ ಹೀಗೇ. ಸಂಜೆ ಹೇಳಿದೆ: "ದಾರ ಅಷ್ಟುದ್ದ ಬೇಡ."

"ಸರಿ ಅತ್ತಿಗೆ."

ಹನ್ನೆರಡೂ ಖಾಲಿಯಾಗಿದ್ದವು. ಅದನ್ನು ಹೇಳಲಿಲ್ಲ.

ಮಾರ್ಚ್ 14

ಕೂತರೆ ಏಳಬೇಕು ಅನಿಸುತ್ತದೆ, ಎದ್ದರೆ ಎಲ್ಲಿಗೆ? ಕಿಟಕಿ, ಬಾಗಿಲು, ಮತ್ತೆ ಕಿಟಕಿ. ಗುಂಡಿಯ ಡಬ್ಬಿ ಬಗ್ಗಿಸಿ ಬಣ್ಣ ಬಣ್ಣಕ್ಕೆ ಬೇರೆ ಮಾಡಿದೆ. ಮತ್ತೆ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದೆ. ಹೊಲಿದ ರೆಪ್ಪೆ ಬಡಿಯಲು ನೋಡುತ್ತದೆ, ದಾರ ಬಿಡುವುದಿಲ್ಲ. ರೆಪ್ಪೆಗೂ ನನ್ನದೇ ಸ್ವಭಾವ.

ಮಾರ್ಚ್ 16, ಶನಿವಾರ

ಬ್ಯಾಂಡ್ ಮಾಸ್ಟರ್ ಬಂದಿದ್ದರು. ಹದಿನೆಂಟು ಕೋಟಿನಲ್ಲಿ ಹನ್ನೊಂದು ಮುಗಿದಿವೆ, ಏಳು ಬಾಕಿ. ತಿಂಗಳ ಕೊನೆಗೆ ಅವರ ಸ್ಪರ್ಧೆ.

"ಟೈಲರಮ್ಮ, ಅರ್ಧ ಬ್ಯಾಂಡು ಕೋಟಲ್ಲಿ, ಅರ್ಧ ಬ್ಯಾಂಡು ಬನಿಯನ್ನಲ್ಲಿ ನಿಂತ್ರೆ ಚೆನ್ನಾಗಿರುತ್ತಾ?"

"ಬನಿಯನ್ನಿನವರನ್ನ ಹಿಂದೆ ನಿಲ್ಲಿಸಿ."

"ಡೋಲಿನವನನ್ನ ಹಿಂದೆ ನಿಲ್ಲಿಸಿದ್ರೂ ಮುಂದೆಯಿಂದ ಕಾಣ್ತಾನೆ." ಆಮೇಲೆ ದನಿ ತಗ್ಗಿಸಿ, "ಏನಾಯ್ತು ಕಣ್ಣಿಗೆ?" ಎಂದರು.

ಹೇಳಿದೆ. ಇಡೀ ಕಥೆ. ನಾದಿನಿ, ಅವಳ ಹಳೆಯ ಸೀಸೆ, ಎಲ್ಲ. ಅವರು ತಲೆ ಆಡಿಸಿದರು. "ಮನೆಯವರೇ ಹೀಗೆ ಮಾಡಿದ್ರೆ ಹೊರಗಿನವರನ್ನ ಏನನ್ನೋದು ಬಿಡಿ."

ತಿರುಗಿದರೆ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಔಷಧಿ. "ನಾಲ್ಕು ಗಂಟೆಯ ಹನಿ," ಎಂದಳು. ಮಾಸ್ಟರ್ ಆ ಸೀಸೆಯನ್ನೇ ದಿಟ್ಟಿಸಿ ನೋಡಿದರು. ಬುಧವಾರದೊಳಗೆ ಎರಡು ಕೋಟಾದರೂ ಆಗದಿದ್ದರೆ ಉಳಿದ ಬಟ್ಟೆಯನ್ನು ಬೇರೆ ಕಡೆ ಕೊಡುತ್ತಾರಂತೆ.

ಮಾರ್ಚ್ 19

ಕಾಲರ್ ಅಂಚಿಗೆ ಚಿನ್ನದ ಬಣ್ಣದ ಪಟ್ಟಿ ಕೂರಿಸಬೇಕು. ಒಂದು ಕಣ್ಣಿನಲ್ಲಿ ಪಟ್ಟಿ ಹಾವಿನಂತೆ ಹರಿಯುತ್ತದೆ. ಮೂರು ಸಲ ಬಿಚ್ಚಿದೆ.

ರೆಪ್ಪೆಯ ಮೇಲೆ ಬೆರಳಾಡಿಸಿ ನೋಡಿದೆ. ಮೂರು ಹೊಲಿಗೆ. ಮೂರನೆಯದು, ಕಿವಿಯ ಕಡೆಯದು, ಸ್ವಲ್ಪ ದೂರ ಬಿದ್ದಿದೆ. ಅದೊಂದು ಇಲ್ಲದಿದ್ದರೂ ಉಳಿದೆರಡು ಹಿಡಿದುಕೊಳ್ಳುತ್ತವೆ. ಆ ಸಂದಿಯಿಂದ ಒಂದಿಷ್ಟು ಕಂಡರೆ ಸಾಕು, ಪಟ್ಟಿ ಕೂರುತ್ತದೆ. ಹತ್ತು ದಿನವಾಯಿತು, ಒಳಗೆ ವಾಸಿಯಾಗಿರಲೇಬೇಕು. ಎಷ್ಟೆಂದರೂ ಕಚ್ಚಾ ತಾನೆ.

ಮಾರ್ಚ್ 20

ತಪ್ಪಾಯಿತು. ನಾಳೆ ಬರೆಯುತ್ತೇನೆ.

ಮಾರ್ಚ್ 21, ಗುರುವಾರ

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ.

ನಿನ್ನೆ ಮಧ್ಯಾಹ್ನ ಹನ್ನೆರಡೂವರೆಗೆ, ತೊಡಿಸಿ ನೋಡುವ ಕನ್ನಡಿಯ ಮುಂದೆ ನಿಂತು, ದಾರ ಕತ್ತರಿಸುವ ಚಿಕ್ಕ ಕತ್ತರಿಯಿಂದ ಮೂರನೆಯ ಹೊಲಿಗೆಯನ್ನು ಕತ್ತರಿಸಿದೆ. ನಮ್ಮ ಕಚ್ಚಾ ಎಂದರೆ ಗಂಟು ಕತ್ತರಿಸಿ ಎಳೆದರೆ ಬೆಣ್ಣೆಯ ಹಾಗೆ ಬರುತ್ತದೆ. ಇದು ಬರಲಿಲ್ಲ. ಎಳೆದೆ. ರೆಪ್ಪೆ ತೆರೆದುಕೊಂಡಿತು, ಬೆಳಕು ಕಪಾಳಕ್ಕೆ ಹೊಡೆದಂತೆ ಒಳಗೆ ಬಂತು. ನೀರು ಧಾರೆಯಾಗಿ ಇಳಿಯಿತು. ಏನೂ ಕಾಣಲಿಲ್ಲ, ಬರೀ ಬಿಳಿ, ಬಿಳಿಯೊಳಗೆ ಉರಿ. ಮಾಸ್ಟರರ ಕೋಟಿನ ಕೆಂಪು ಕೂಡ ಕಾಣಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ನಾದಿನಿ ಊಟಕ್ಕೆ ಬಂದವಳು ನೋಡಿದಳು. ನನ್ನ ಕೈಯಲ್ಲಿ ಕತ್ತರಿ ಇನ್ನೂ ಇತ್ತು. ಒಗೆದ ಬಟ್ಟೆಯೊಂದನ್ನು ತಂದು ಕಣ್ಣಿಗೆ ಮರೆಮಾಡಿ, ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಹುಣ್ಣಿನ ಮೇಲೆ ಹೊಸದಾಗಿ ಬೆಳೆದ ತೆಳು ಪದರ ಒಂದು ಕಡೆ ಕಿತ್ತುಬಂದಿದೆಯಂತೆ. ಡಾಕ್ಟರ್ ಮುಖ ಕೆಂಪಾಗಿತ್ತು. ಹೊರಗಡೆ ಬೆಂಚಿನ ಮೇಲೆ ಹತ್ತು ಜನ, ಬಾಗಿಲು ತೆರೆದೇ ಇತ್ತು.

"ಯಾರು ಕತ್ತರಿಸಿದ್ದು ಇದನ್ನ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, "ನಾನೇ ಡಾಕ್ಟ್ರೇ. ದಾರ ಚುಚ್ಚುತ್ತೆ ಅಂದ್ರು, ತುದಿ ಕತ್ತರಿಸೋಕೆ ಹೋಗಿ ಹೀಗಾಯ್ತು," ಎಂದಳು.

"ಮೊದಲು ಆ ಡ್ರಾಪ್ಸು, ಈಗ ಇದು! ಅವರ ಕಣ್ಣಿನ ಮೇಲೆ ನಿಮಗೆ ಏನ್ರೀ ದ್ವೇಷ?"

ಅವಳು ತಲೆ ತಗ್ಗಿಸಿ ನಿಂತಳು. ತೆರೆದ ನನ್ನ ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಮತ್ತೆ ಹೊಲಿದರು. ಈ ಸಲ ನಾನು ಗಂಟಿನ ಬಗ್ಗೆ ಏನೂ ಹೇಳಲಿಲ್ಲ. ಇನ್ನೂ ಮೂರು ವಾರ, ಆಗಲೂ ಮುಚ್ಚದಿದ್ದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ: "ಯಾಕೆ ಹಾಗಂದೆ?"

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. "ನಿಮ್ಮನ್ನ ಬೈದ್ರೆ ನೀವು ಮುನಿಸ್ಕೊಂಡು ಆಸ್ಪತ್ರೆ ಕಡೆ ತಲೆ ಹಾಕಲ್ಲ. ನನ್ನ ಬೈದ್ರೆ ಏನಂತೆ? ಬಸ್ಸು ತಡ ಆದ್ರೆ ಡ್ರೈವರ್‌ನ ಯಾರೂ ಬೈಯಲ್ಲ ಅತ್ತಿಗೆ. ಮೈಕಲ್ಲಿ ಹೇಳಿದವಳನ್ನ ಬೈತಾರೆ. ದಿನಾ ಅಭ್ಯಾಸ."

ಮಾರ್ಚ್ 23

ಹದಿನೈದು ಸೂಜಿ. ದಾರ ಸರಿಯಾಗಿ ಒಂದು ಮೊಳ.

ಮಾಸ್ಟರ್ ನಾಲ್ಕು ಕೋಟಿನ ಬಟ್ಟೆ ವಾಪಸು ಒಯ್ದರು. ಮೂರು ಉಳಿಸಿದ್ದಾರೆ. ಪಟ್ಟಿಯನ್ನು ಕಣ್ಣಲ್ಲಿ ನೋಡುವುದು ಬಿಟ್ಟು ಹೆಬ್ಬೆರಳಿನಲ್ಲಿ ತಡವುತ್ತಾ ಕೂರಿಸಿದೆ. ನಿಧಾನ, ಆದರೆ ನೇರವಾಗಿ ಬಂತು.

ಮಾರ್ಚ್ 25, ಸೋಮವಾರ

ಊಟ ಮಾಡುವಾಗ, ಬಸ್ಸಿನ ಹೊತ್ತು ಹೇಳುವ ದನಿಯಲ್ಲೇ ಹೇಳಿದಳು: "ಏಪ್ರಿಲ್ ಹನ್ನೊಂದಕ್ಕೆ ಹೊಲಿಗೆ ಬಿಚ್ಚುತಾರೆ. ಅವತ್ತು ಎರಡು ಗಂಟೆ ಬಸ್ಸಿಗೆ ನಾನು ಅಕ್ಕನ ಮನೆಗೆ ಹೋಗ್ತೀನಿ."

"ಎಷ್ಟು ದಿನಕ್ಕೆ?"

"ಎರಡು ತಿಂಗಳು ರಜೆ ಇದೆ. ಆಮೇಲೆ ಅಲ್ಲಿನ ನಿಲ್ದಾಣಕ್ಕೇ ವರ್ಗ ಕೇಳಿದೀನಿ."

"ಹೋಗು," ಎಂದೆ. ಇನ್ನೇನು ಹೇಳಲಿ? ಅವಳ ಕಾಲು, ಅವಳ ಬಸ್ಸು. ಒಬ್ಬಳೇ ಇದ್ದರೆ ಮನೆ ನಿಶ್ಶಬ್ದವಾಗಿರುತ್ತದೆ, ಆ ಗಡಿಯಾರದ ಟಕಟಕವೂ ಇರುವುದಿಲ್ಲ. ಅನ್ನ ಇಳಿಯಲಿಲ್ಲ. ಹನಿಯ ಕಹಿ ಗಂಟಲಿಗೆ ಇಳಿದಿರಬೇಕು.

ಮಾರ್ಚ್ 28

ಇದನ್ನು ಓದುವವರು ಯಾರೂ ಇಲ್ಲ. ಎಡಗಡೆಯ ಪುಟದಲ್ಲಿ ಕಹಳೆಯವನ ತೋಳಿನ ಅಳತೆ ಇದೆ, ಅವನಂತೂ ಓದುವುದಿಲ್ಲ.

ಕಣ್ಣಿಗೆ ಎಳೆ ಬಿದ್ದ ಮಾರನೆಯ ದಿನವೇ ಅವಳು ಹೇಳಿದ್ದಳು: "ಅತ್ತಿಗೆ, ಕಣ್ಣಿನ ಡಾಕ್ಟರಿಗೆ ತೋರಿಸಿ, ನಾನು ಬರ್ತೀನಿ." ಕೋಟು ಬಿಟ್ಟು ಹೇಗೆ ಬರಲಿ ಎಂದು ರೇಗಿದೆ. ಅವಳು ಕೆಲಸಕ್ಕೆ ಹೋದ ಮೇಲೆ ಅವಳ ಬೀರು ತೆಗೆದು, ಕನ್ನಡಿ ಸರಿಸಿ, ಸೀಸೆ ತೆಗೆದುಕೊಂಡೆ. ದಿನಕ್ಕೆ ನಾಲ್ಕು ಸಲ, ಒಂಬತ್ತು ದಿನ, ನನ್ನ ಕೈಯಿಂದಲೇ ಹಾಕಿಕೊಂಡೆ. ಕೆಂಪು ಇಳಿದಾಗ, ನೋಡು, ಡಾಕ್ಟರ್ ಯಾಕೆ ಬೇಕು ಎಂದು ಮನಸ್ಸಿನಲ್ಲೇ ಅವಳನ್ನು ಹಂಗಿಸಿದ್ದೆ. ಸೀಸೆ ಹೋಗಿರುವುದು ಅವಳಿಗೆ ತಿಳಿದದ್ದೇ ಡಾಕ್ಟರ್ ಅದನ್ನು ಎತ್ತಿ ಹಿಡಿದಾಗ.

ಅಲ್ಲಿ "ನಾದಿನಿ" ಎಂಬ ಮಾತು ನಾಲಿಗೆಗೆ ತಾನಾಗಿಯೇ ಬಂತು. ಕೋಟು ಬಿಗಿಯಾದರೆ ಬಟ್ಟೆ ಕುಗ್ಗಿತು ಎನ್ನುತ್ತೇನಲ್ಲ, ಹಾಗೆ. ಆಮೇಲೆ ಹತ್ತು ಜನರಿಗೆ ಹೇಳಿ ಹೇಳಿ ನನಗೇ ನಂಬಿಕೆ ಬಂದುಬಿಟ್ಟಿತ್ತು.

ಬರೆದಾಯಿತು. ಹಗುರವಾಗುತ್ತದೆ ಎನ್ನುತ್ತಾರೆ. ಏನೂ ಆಗಲಿಲ್ಲ.

ಏಪ್ರಿಲ್ 2

ಇವತ್ತು ಹೇಳಬೇಕೆಂದಿದ್ದೆ. ಹೇಳಲಿಲ್ಲ.

ಏಪ್ರಿಲ್ 5

ಅವಳ ಅಕ್ಕನಿಗೆ ಫೋನ್ ಮಾಡಿದೆ. ಸೆಖೆಯ ವಿಷಯ ಮಾತಾಡಿದೆವು. ಅವರ ಮೊಣಕಾಲಿನ ವಿಷಯ ಮಾತಾಡಿದೆವು. ಇಟ್ಟೆ.

ಇವತ್ತೂ ಹದಿನೈದು ಸೂಜಿ. ಒಂದನ್ನೂ ಬಳಸದೆ ಬಿಡಲು ಮನಸ್ಸು ಬರಲಿಲ್ಲ, ಹಳೆಯ ಹೊದಿಕೆಯೊಂದಕ್ಕೆ ಅಂಚು ಹಾಕುತ್ತಾ ಕೂತೆ.

ಏಪ್ರಿಲ್ 10, ಬುಧವಾರ

ಟ್ರಂಕ್ ಬಾಗಿಲ ಬಳಿ ಬಂದು ಕೂತಿದೆ. ಗೋಡೆಯಲ್ಲಿ ಗಡಿಯಾರ ಇದ್ದ ಕಡೆ ದುಂಡಗೆ ಬೆಳ್ಳಗಿನ ಗುರುತು. ಎರಡು ಸಲ ಆ ಗುರುತನ್ನೇ ನೋಡಿ ಗಂಟೆ ಎಷ್ಟು ಎಂದು ಯೋಚಿಸಿದೆ.

ಮಧ್ಯಾಹ್ನ ಬಿಳಿ ದಾರಕ್ಕೆಂದು ಅಂಗಡಿಯ ಕೆಳಗಿನ ಖಾನೆ ಎಳೆದೆ. ಅಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ದಪ್ಪ ಬಟ್ಟೆಯ ಮೇಲೆ ಸಾಲಾಗಿ ಚುಚ್ಚಿದ ಸೂಜಿಗಳು. ಅರವತ್ತು. ಎಲ್ಲಕ್ಕೂ ದಾರ, ಎಲ್ಲವೂ ಒಂದೇ ಮೊಳ, ಒಂದಕ್ಕೊಂದು ಸಿಕ್ಕಾಗದಂತೆ ಸುತ್ತಿಟ್ಟಿದ್ದಾಳೆ. ಮನೆಯಲ್ಲಿ ಇಷ್ಟು ಸೂಜಿ ಇರಲಿಲ್ಲ, ಕೊಂಡು ತಂದಿರಬೇಕು. ನನ್ನ ಮೇಲೆ ಸಿಟ್ಟು ಮಾಡಿಕೊಂಡು ಹೊರಟವಳು, ತಾನು ಹೋದ ಮೇಲೆ ನನಗೆ ಸೂಜಿ ಪೋಣಿಸುವವರು ಯಾರು ಎಂದು ಯೋಚಿಸಿದ್ದಾಳೆ. ಅವಳಿಗೂ ಪೊರೆ ತೆಗೆದ ಕಣ್ಣು. ಅವಳಿಗೂ ಇದು ಸುಲಭದ ಕೆಲಸವಲ್ಲ.

ಹೊಲಿದ ಕಣ್ಣಿನಿಂದಲೂ ನೀರು ಬರುತ್ತದೆ. ಮೂಗಿನ ಕಡೆ ಬಿಟ್ಟ ಆ ಸಂದಿಯಿಂದ.

ಏಪ್ರಿಲ್ 11, ಗುರುವಾರ

ಬಿಚ್ಚಿದರು. ಅವರ ಕತ್ತರಿ ಬಾಗಿದೆ, ತುದಿ ಮೊಂಡಾಗಿದೆ. ಹೊಲಿಗೆ ಬಿಚ್ಚುವುದಕ್ಕೆಂದೇ ಬೇರೆ ಕತ್ತರಿ ಇದೆ ಎಂದು ತಿಳಿದಿದ್ದರೆ ಅವತ್ತು ನಾನು ನನ್ನದನ್ನು ಮುಟ್ಟುತ್ತಿರಲಿಲ್ಲ. ಮುಟ್ಟುತ್ತಿದ್ದೆನೇನೋ.

"ನಿಧಾನವಾಗಿ ತೆರೀರಿ."

ಮೊದಲು ಬರೀ ಮಂಜು. ಡಾಕ್ಟರ್ ದೀಪ ಹಿಡಿದು ಬಹಳ ಹೊತ್ತು ನೋಡಿದರು.

"ಹುಣ್ಣು ಮುಚ್ಚಿದೆ. ಪೂರ್ತಿ ಮುಚ್ಚಿದೆ ಅಮ್ಮ. ಕಲೆ ಉಳಿಯುತ್ತೆ, ಮೊದಲಿನ ಹಾಗೆ ಕಾಣಲ್ಲ. ಮುಂದೆ ನೋಡೋಣ ಏನು ಮಾಡಬಹುದು ಅಂತ. ಆದ್ರೆ ಕಣ್ಣು ಉಳೀತು. ಎಷ್ಟು ಬೆರಳು?"

"ಮೂರು."

"ಸರಿ." ಆಮೇಲೆ ನಾದಿನಿಯ ಕಡೆ ತಿರುಗಿ, "ನೀವು ಇನ್ಮೇಲೆ ದಯವಿಟ್ಟು ಇವರ ಕಣ್ಣಿನ ತಂಟೆಗೆ ಹೋಗಬೇಡಿ," ಎಂದರು.

ಮಂಜಿನೊಳಗೆ ಅವಳ ಕೊಡೆ ಕಪ್ಪಗೆ, ಗೀಟೆಳೆದಂತೆ ಕಂಡಿತು. ಅವಳು "ಆಗ್ಲಿ" ಎನ್ನಲು ಹೊರಟಿದ್ದಳು.

"ಡಾಕ್ಟ್ರೇ, ಎರಡೂ ನಾನೇ ಮಾಡಿದ್ದು," ಎಂದೆ. "ಡ್ರಾಪ್ಸು ಅವಳ ಬೀರುವಿಂದ ಅವಳಿಗೆ ಹೇಳದೆ ತಗೊಂಡೆ. ಹೊಲಿಗೆ ಕತ್ತರಿಸಿದ್ದೂ ನಾನೇ, ಕನ್ನಡಿ ಮುಂದೆ ನಿಂತ್ಕೊಂಡು. ಇವಳು ನನ್ನ ಕಣ್ಣಿಗೆ ಹಾಕಿದ್ದು ನೀವು ಕೊಟ್ಟ ಔಷಧಿ ಮಾತ್ರ. ಒಂದು ಹನಿ ತಪ್ಪಿಸಿಲ್ಲ."

ಡಾಕ್ಟರ್ ನನ್ನನ್ನು ನೋಡಿದರು, ಅವಳನ್ನು ನೋಡಿದರು. ಕೇಸಿನ ಕಾಗದ ಮೊದಲ ಹಾಳೆಗೆ ತಿರುಗಿಸಿದರು. "ಇಲ್ಲಿ ಮನೆಯವರು ಹಾಕಿದ್ದು ಅಂತ ಬರೆದಿದೀನಿ. ತಿದ್ದಲಾ?"

"ತಿದ್ದಿ."

ಒಂದು ಗೆರೆ ಎಳೆದು ಮೇಲೆ ಏನೋ ಬರೆದರು. ಅದು ನನಗೆ ಕಾಣಲಿಲ್ಲ.

ಹೊರಗೆ ನಲ್ಲಿಯ ಹತ್ತಿರ ಬಂದ ಕೂಡಲೇ ಅವಳು ನಿಂತಳು. ಸಮಾಧಾನವಾಗುತ್ತಾಳೆ ಎಂದುಕೊಂಡಿದ್ದೆ. ಇಲ್ಲ. ಇಷ್ಟು ವರ್ಷದಲ್ಲಿ ಅವಳು ನನ್ನ ಮೇಲೆ ದನಿ ಎತ್ತಿದ್ದು ಇದೇ ಮೊದಲು.

"ಡಾಕ್ಟರ್ ಬೈದಿದ್ದಕ್ಕೆ ನನಗೇನೂ ಇಲ್ಲ. ಆ ಬ್ಯಾಂಡಿನವರು ಏನಂದ್ಕೊಂಡ್ರೂ ಏನೂ ಇಲ್ಲ. ಆದ್ರೆ ನೀವು ಅಕ್ಕನಿಗೆ ಹೇಳಿದ್ರಿ. ಅಕ್ಕ ಫೋನ್ ಮಾಡಿ ನನ್ನ ಕೇಳಿದ್ಲು, 'ಏನೇ, ಬೇಕಂತ ಮಾಡಿದ್ಯಾ?' ಅಂತ. ಬೇಕಂತ! ಒಡಹುಟ್ಟಿದವಳು! ಇಲ್ಲ ಅಂದ್ರೆ ನಿಮ್ಮನ್ನ ಸುಳ್ಳಿ ಅನ್ನಬೇಕು, ಹೌದು ಅಂದ್ರೆ ನಾನು ಪಾಪಿ. ಏನು ಹೇಳ್ಲಿ? ಬಸ್ಸಿಗೆ ಹೊತ್ತಾಯ್ತು ಅಂತ ಫೋನ್ ಇಟ್ಟೆ."

"ತಪ್ಪಾಯ್ತು," ಎಂದೆ.

"ಗೊತ್ತು ತಪ್ಪಾಯ್ತು ಅಂತ. ನನಗೆ ಮೊದಲಿಂದ ಗೊತ್ತು."

ಅವಳ ಎರಡು ಗಂಟೆಯ ಬಸ್ಸು ತಡವಾಗಲಿ ಎಂದು ನಿಲ್ದಾಣದಲ್ಲಿ ಕೂತು ಬೇಡಿಕೊಂಡೆ. ಸರಿಯಾಗಿ ಎರಡಕ್ಕೆ ಹೊರಟಿತು. ಹತ್ತುವಾಗ ತಿರುಗಿ, "ಆರು ಗಂಟೆಯ ಹನಿ ಮರೀಬೇಡಿ," ಎಂದಳು. ಮೈಕಿನಲ್ಲಿ ಬೇರೆ ಯಾರೋ ಕೂಗುತ್ತಿದ್ದರು, ಒಂದಕ್ಷರವೂ ತಿಳಿಯಲಿಲ್ಲ.

ಏಪ್ರಿಲ್ 13

ಬಿಚ್ಚುವ ಕೆಲಸ ಹೊಲಿದಷ್ಟು ಸುಲಭವಲ್ಲ. ಎಲ್ಲೆಲ್ಲಿ ಹೊಲಿದಿದ್ದೆನೋ ಅಲ್ಲೆಲ್ಲ ಬಿಚ್ಚಬೇಕು.

ಅವಳ ಅಕ್ಕನಿಗೆ ಹೇಳಿದೆ. ಈ ಸಲ ಸೆಖೆಯ ವಿಷಯ ಎತ್ತುವ ಮೊದಲೇ. "ನನ್ನ ಬಾಯಿಂದ ಎಂಥ ಮಾತು ಆಡಿಸಿದ್ಯಲ್ಲ ನೀನು," ಎಂದರು.

ಮಾಸ್ಟರರಿಗೂ ಹೇಳಿದೆ. ಸ್ಪರ್ಧೆಯಲ್ಲಿ ಮೂರನೆಯವರಾಗಿ ಬಂದಿದ್ದಾರೆ, ಖುಷಿಯಲ್ಲಿದ್ದರು.

"ಅಯ್ಯೋ ಟೈಲರಮ್ಮ, ನಾನು ಇಡೀ ಬ್ಯಾಂಡಿಗೆ ಹೇಳಿಬಿಟ್ಟಿದೀನಲ್ಲ!"

"ಹಾಗಾದ್ರೆ ಇಡೀ ಬ್ಯಾಂಡಿಗೆ ಇದನ್ನೂ ಹೇಳಿ."

"ಕಹಳೆಯವನೊಬ್ಬನಿಗೆ ಹೇಳಿದ್ರೆ ಸಾಕು. ಅವನೇ ಊದ್ತಾನೆ."

ಏಪ್ರಿಲ್ 20

ಬಲಗಣ್ಣಿನಲ್ಲಿ ಎಲ್ಲವೂ ಎಣ್ಣೆ ಕಾಗದದ ಆಚೆ ಇದ್ದಂತೆ. ದೊಡ್ಡ ಅಕ್ಷರ ಕಾಣುತ್ತದೆ. ಸೂಜಿಯ ಕಣ್ಣು ಕಾಣುವುದಿಲ್ಲ. ಡಬ್ಬಿಯಲ್ಲಿ ಐವತ್ತೊಂದು ಉಳಿದಿವೆ.

ಮನೆ ನಿಶ್ಶಬ್ದವಾಗಿದೆ. ಇದನ್ನೇ ನಾನು ಬಯಸಿದ್ದು. ಚೆನ್ನಾಗಿಲ್ಲ.

ಏಪ್ರಿಲ್ 30, ಮಂಗಳವಾರ

ಬೆಳಿಗ್ಗೆಯಿಂದ ಫೋನಿನ ಸುತ್ತ ಸುತ್ತಿದೆ. ಏನೆಂದು ಕರೆಯಲಿ? ಬಾ ಎಂದರೆ ಯಾಕೆ ಎನ್ನುತ್ತಾಳೆ. ಮನೆ ಬಿಕೋ ಎನ್ನುತ್ತದೆ ಎಂದು ಹೇಳುವ ಬಾಯಿ ನನ್ನದಲ್ಲ. ಸೂಜಿಗಳೆಲ್ಲ ಖಾಲಿಯಾಗಿವೆ ಎಂದರೆ ಆದೀತು, ಅದು ಕೆಲಸದ ಮಾತು. ಹಾಗೆಂದುಕೊಂಡು ಫೋನ್ ಎತ್ತಿದೆ. ಆದರೆ ಡಬ್ಬಿಯಲ್ಲಿ ಇನ್ನೂ ನಲವತ್ತೆರಡು ಇದ್ದವು.

ಫೋನ್ ಇಟ್ಟೆ. ಡಬ್ಬಿ ತೆಗೆದು ಕಿಟಕಿಯ ಬಳಿ ಕೂತು ಒಂದೊಂದೇ ಸೂಜಿಯ ದಾರ ಎಳೆದು ತೆಗೆದೆ. ಕೆಂಪು, ಕಪ್ಪು, ಬಿಳಿ. ನಲವತ್ತೆರಡೂ. ಪೋಣಿಸಲು ಅವಳಿಗೆ ಎಷ್ಟು ಹೊತ್ತು ಹಿಡಿದಿತ್ತೋ, ತೆಗೆಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ದಾರಗಳನ್ನು ಸುತ್ತಿ ಸೆರಗಿಗೆ ಗಂಟು ಹಾಕಿಕೊಂಡು ಫೋನ್ ಮಾಡಿದೆ.

"ಹಲೋ," ಎಂದಳು, ಇಡೀ ನಿಲ್ದಾಣಕ್ಕೆ ಕೇಳುವಂತೆ.

"ಸೂಜಿ ಖಾಲಿಯಾಗಿವೆ."

"ಅರವತ್ತೂ?"

"ಅರವತ್ತೂ. ಒಂದರಲ್ಲೂ ದಾರ ಇಲ್ಲ."

"ಇಪ್ಪತ್ತು ದಿನಕ್ಕೆ ಅರವತ್ತಾ? ಯಾರಿಗೆ ಅತ್ತಿಗೆ ಅಷ್ಟು ಹೊಲಿದ್ರಿ?"

ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡೆ. ಹೇಳಿದರೆ ಸುಳ್ಳಾಗುತ್ತಿತ್ತು, ಇಲ್ಲವೇ ಅಳು ಬರುತ್ತಿತ್ತು. ಅವಳ ಉಸಿರು ಕೇಳುತ್ತಿತ್ತು.

"ನಾಳೆ ಹನ್ನೊಂದು ಇಪ್ಪತ್ತಕ್ಕೆ ಒಂದು ಬಸ್ಸಿದೆ," ಎಂದಳು. "ಯಾವಾಗಲೂ ಹತ್ತು ನಿಮಿಷ ತಡ."

"ಟ್ರಂಕ್ ತರ್ತೀಯಾ?" ಎಂದು ಕೇಳಿದೆ.

"ತರದೆ? ಗಡಿಯಾರ ಅದರಲ್ಲೇ ಇದೆಯಲ್ಲ. ಅದಿಲ್ಲದೆ ನೀವು ಹನಿ ಯಾವ ಹೊತ್ತಿಗೆ ಹಾಕ್ತಿದೀರೋ ಏನೋ."

ಸಂಜೆಯ ಹನಿ: ಹಾಕಿದೆ. ಆರು ಗಂಟೆಯೇ ಇರಬೇಕು.